ಅರವತ್ತು ಪಟ್ಟಿನ ಆಸೆ

ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಅಪರೂಪಕ್ಕೆ ಒಂದರ ಕುತ್ತಿಗೆಗೆ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಮಂಗೋಲಿಯಾದ ವಿಜ್ಞಾನಿಗಳು ತೊಡಿಸಿ ಕಳಿಸಿದ್ದು. ಅದರ ಮೇಲಿನ ಅಕ್ಷರ, ಅಂಕಿ ಓದಿ ತಿಳಿಸಿದರೆ ಹಿಮಾಲಯ ದಾಟಿ ಬಂದ ಆ ಹಕ್ಕಿಯ ದಾರಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಆದರೆ ಓದುವುದು ಹೇಗೆ? ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಈ ಬಾತುಗಳು ಹಗಲೆಲ್ಲ ದಂಡೆಯಿಂದ ದೂರ ನೀರಿನಲ್ಲಿ ತೇಲುತ್ತಿರುತ್ತವೆ. ನಮ್ಮ ದೊಡವಾಡದ ಕಡೆಯವರಿಗೆ ಹತ್ತಿರದ ದೊಡ್ಡ ನೀರೆಂದರೆ ನವಿಲುತೀರ್ಥ ಅಣೆಕಟ್ಟಿನ ಹಿಂದೆ ಮಲಪ್ರಭೆ ಹರಡಿ ನಿಂತಿರುವ ರೇಣುಕಾಸಾಗರ. ಅಲ್ಲಿಯೂ ನಾವು ನಾಲ್ಕು ಹೆಜ್ಜೆ ಮುಂದಿಟ್ಟರೆ ಹಕ್ಕಿ ನಲವತ್ತು ಹೆಜ್ಜೆ ಹಿಂದೆ ಸರಿಯುತ್ತದೆ.

ಒಂದು ಲೆಕ್ಕ ಹಾಕೋಣ. ಪಟ್ಟಿಯ ಮೇಲಿನ ಅಕ್ಷರ 2 ಸೆಂಟಿಮೀಟರ್ ಎತ್ತರ, ಹಕ್ಕಿ 300 ಮೀಟರ್ ದೂರ ಎಂದಿಟ್ಟುಕೊಳ್ಳಿ. ಎಂಟು ಪಟ್ಟಿನ ಬೈನಾಕ್ಯುಲರ್ ಅದನ್ನು ಸುಮಾರು 37 ಮೀಟರಿಗೆ ಎಳೆದು ತಂದಂತೆ ತೋರಿಸುತ್ತದೆ. ಅಷ್ಟು ದೂರದ ಅಷ್ಟು ಸಣ್ಣ ಅಕ್ಷರ ಒಳ್ಳೆಯ ಕಣ್ಣಿಗೂ ಬರೀ ಚುಕ್ಕೆ. ಇಪ್ಪತ್ತು ಪಟ್ಟಿಗೆ ಅದು 15 ಮೀಟರ್, ಓದಲು ಆದರೂ ಆಯಿತು, ಬಿಟ್ಟರೂ ಬಿಟ್ಟಿತು. ಮೂವತ್ತು ಪಟ್ಟಿಗೆ 10 ಮೀಟರ್. ಈಗ ನಿಶ್ಚಿಂತೆಯಿಂದ ಓದಬಹುದು. ಟ್ರೈಪಾಡಿನ ಮೇಲಿಟ್ಟು ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್, ಬೇಕಾಗುವುದು ಇಂಥ ಕೆಲಸಕ್ಕೆ.

ಹಾಗಾದರೆ ಅರವತ್ತು ಪಟ್ಟಿನದೇ ಕೊಂಡರಾಯಿತಲ್ಲ? ಅಂಗಡಿಯವರೂ ಹಾಗೇ ಹೇಳುತ್ತಾರೆ. ಡಬ್ಬಿಯ ಮೇಲೆ ‘20-60x60’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಮೊದಲೆರಡು ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಕೊನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿನೊಳಗೆ ಹೋಗುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. ಇಪ್ಪತ್ತರಲ್ಲಿ 3 ಮಿಲಿಮೀಟರ್, ಹಗಲಿನಲ್ಲಿ ನಮ್ಮ ಪಾಪೆ ತೆರೆದಿರುವುದೂ ಹೆಚ್ಚುಕಡಿಮೆ ಅಷ್ಟೇ. ಅರವತ್ತಕ್ಕೆ ತಿರುಗಿಸಿದರೆ ಬರೀ 1 ಮಿಲಿಮೀಟರ್. ಹಕ್ಕಿ ದೊಡ್ಡದಾಗುತ್ತದೆ, ಮಬ್ಬೂ ಆಗುತ್ತದೆ. ಸ್ಕೋಪನ್ನು ತೋಳಿನಳತೆ ದೂರ ಹಿಡಿದು ಹಿಂದಿನ ಗಾಜು ನೋಡಿ, ಆ ಬೆಳಕಿನ ಬೊಟ್ಟು ಪಟ್ಟು ಏರಿಸಿದಂತೆ ಕುಗ್ಗುವುದು ಬರಿಗಣ್ಣಿಗೇ ಕಾಣುತ್ತದೆ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಎರಿ ಹೊಲದ್ದು. ಕರಿಮಣ್ಣು ಬಿಸಿಲು ಹೀರಿ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿಗಾಳಿ ಮೇಲೇಳುವಾಗ ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ, ಎರಡರಲ್ಲೂ ಬೆಳಕು ಬಾಗುವ ರೀತಿ ಬೇರೆ. ಬೆಳಿಗ್ಗೆ ಹತ್ತು ದಾಟಿತೋ, ಬಿಸಿಲ್ಗುದುರೆ ಓಡಲು ಶುರು. ಕಡಲೆ ಹೊಲದ ಮೇಲೆ ತಗ್ಗಾಗಿ ತೇಲುವ ಹ್ಯಾರಿಯರ್ ಗಿಡುಗವೂ ಅದರಲ್ಲಿ ನಡುಗುತ್ತದೆ. ಸ್ಕೋಪು ಹಕ್ಕಿಯ ಜತೆಗೆ ಆ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಎರಡು ಲಕ್ಷದ ಗಾಜೂ ಇಲ್ಲಿ ಸೋಲುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ದಿನನಿತ್ಯಕ್ಕೆ ದಕ್ಕುವುದು ಮೂವತ್ತು ಪಟ್ಟು, ಅದೂ ಮುಂಜಾನೆ. ಅರವತ್ತಕ್ಕೆ ದುಡ್ಡು ಕೊಡಬೇಡಿ.

ಇಲ್ಲೊಂದು ಅಡ್ಡಮಾತು. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಸೆರೆಸಿಕ್ಕ ಕಂಪನಿ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಅವನು ಪ್ರಾಣಿಶಾಸ್ತ್ರಕ್ಕೆ ಬಿದ್ದು, 1839ರಲ್ಲಿ ಇದೇ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಅಚ್ಚು ಹಾಕಿಸಿದ. ಆ ಕಾಲದಲ್ಲಿ ನಿಸರ್ಗಶಾಸ್ತ್ರದ ಮುಖ್ಯ ಉಪಕರಣ ಬಂದೂಕು. ಕೊಂದು, ತೊಗಲು ಬಿಡಿಸಿ, ಅಳೆದು ಹೆಸರಿಡುತ್ತಿದ್ದರು. ಹಿನ್ನೀರಿನ ಕೆಸರಿನಲ್ಲಿ ಓಡಾಡುವ ಗುಬ್ಬಚ್ಚಿ ಗಾತ್ರದ ಲಿಟಲ್ ಸ್ಟಿಂಟಿನ ಕಾಲು ಕಪ್ಪು, ಟೆಮಿಂಕ್ಸ್ ಸ್ಟಿಂಟಿನದು ಹಳದಿ. ಇಷ್ಟನ್ನು ತಿಳಿಯಲು ಈಗ ಹಕ್ಕಿ ಸಾಯಬೇಕಿಲ್ಲ, ಸ್ಕೋಪು ಸಾಕು.

ಕಾಲಿನ ಬಣ್ಣ ಸರಿಯಾಗಿ ಕಾಣಲು ಗಾಜು ಚೆನ್ನಾಗಿರಬೇಕು. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಅಗ್ಗದ ಸ್ಕೋಪಿನಲ್ಲಿ ಹಕ್ಕಿಯ ಅಂಚಿಗೆ ನೇರಳೆ ಗೆರೆ ಬರುತ್ತದೆ. ‘ಇಡಿ’ (ED) ಎಂಬ ವಿಶೇಷ ಗಾಜು ಅದನ್ನು ತಗ್ಗಿಸುತ್ತದೆ, ಬೆಲೆಯನ್ನು ಏರಿಸುತ್ತದೆ. ಪರೀಕ್ಷೆ ಸುಲಭ. ಅಂಗಡಿಯ ಹೊರಗೆ ಬಂದು, ಬೆಳ್ಳಗಿನ ಆಕಾಶದೆದುರು ಕರೆಂಟ್ ತಂತಿಯ ಮೇಲೆ ಕೂತ ಕಾಗೆಯನ್ನು ನೋಡಿ. ಗಾಜಿನ ಲೇಪವನ್ನೂ ಗಮನಿಸಿ. ಲೇಪವಿಲ್ಲದ ಪ್ರತಿ ಮೇಲ್ಮೈಯೂ ಸುಮಾರು ನೂರಕ್ಕೆ ನಾಲ್ಕು ಪಾಲು ಬೆಳಕನ್ನು ವಾಪಸು ಕಳಿಸುತ್ತದೆ. ಒಳಗೆ ಹತ್ತು ಮೇಲ್ಮೈಗಳಿದ್ದರೆ ಮೂರನೇ ಒಂದು ಭಾಗ ದಾರಿಯಲ್ಲೇ ಸೋರಿತು. ಟ್ಯೂಬ್‌ಲೈಟಿನ ಪ್ರತಿಬಿಂಬ ಗಾಜಿನಲ್ಲಿ ಮಂದ ಹಸಿರಾಗಿಯೋ ನೇರಳೆಯಾಗಿಯೋ ಕಂಡರೆ ಒಳ್ಳೆಯದು, ಬೆಳ್ಳಗೆ ಹೊಳೆದರೆ ಮುಂದೆ ನಡೆಯಿರಿ. ಮಾಣಿಕ್ಯದಂತೆ ಕೆಂಪಗೆ ಮಿರುಗುವ ಗಾಜು ಬರೀ ಶೋಕಿ.

ಬೆಲೆ ಸಾವಿರಗಳಿಂದ ಶುರುವಾಗಿ ಲಕ್ಷಗಳಿಗೆ ಹೋಗುತ್ತದೆ. ಕೈಯಲ್ಲಿ ಸ್ವಲ್ಪವೇ ಇದ್ದರೆ ನನ್ನ ಸಲಹೆ ಇಷ್ಟು: 60 ಅಥವಾ 65 ಮಿಲಿಮೀಟರಿನ, ಪೂರ್ತಿ ಬಹುಪದರ ಲೇಪದ, ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ, ಕಣ್ಣಿನ ಕಡೆ 45 ಡಿಗ್ರಿ ಬಾಗಿದ ಸ್ಕೋಪು. ನೈಟ್ರೋಜನ್ ಇದ್ದರೆ ಮಳೆಗಾಲದಲ್ಲಿ ಒಳಗೆ ತೇವ ಕಟ್ಟುವುದಿಲ್ಲ, ಬೂಷ್ಟು ಹಿಡಿಯುವುದೂ ಕಡಿಮೆ. ಬಾಗಿದ ಸ್ಕೋಪಿದ್ದರೆ ಟ್ರೈಪಾಡನ್ನು ತಗ್ಗಿಸಿ ನಿಲ್ಲಿಸಬಹುದು, ಶಾಲೆ ಮಕ್ಕಳೂ ಮಾಸ್ತರರೂ ಅದೇ ಎತ್ತರದಲ್ಲಿ ಸರದಿಯಂತೆ ನೋಡಬಹುದು. ಕನ್ನಡಕದವರು ಕನ್ನಡಕ ತೆಗೆಯದೇ ಇಡೀ ವೃತ್ತ ಕಾಣುತ್ತದೆಯೇ ಎಂದು ನೋಡಿಕೊಳ್ಳಿ. ನಕ್ಷತ್ರ ನೋಡುವ ಅಗ್ಗದ ಟೆಲಿಸ್ಕೋಪಿಗೆ ಮರುಳಾಗಬೇಡಿ. ಅದರಲ್ಲಿ ಎಡದ ಹಕ್ಕಿ ಬಲಕ್ಕೆ ಓಡುವುದೇ ಹೆಚ್ಚು.

ಟ್ರೈಪಾಡಿಗೆ ಜಿಪುಣತನ ಮಾಡಿದರೆ ಮೇಲಿನದೆಲ್ಲ ವ್ಯರ್ಥ. ಬಯಲಿನ ಗಾಳಿಗೆ ಮೊಬೈಲ್ ಸ್ಟ್ಯಾಂಡಿನಂಥ ಕಾಲುಗಳು ತರತರ ನಡುಗುತ್ತವೆ. ಭಾರದ ಹಳೆಯ ವಿಡಿಯೋ ಟ್ರೈಪಾಡ್ ಫೋಟೋ ಸ್ಟುಡಿಯೋದವರ ಬಳಿ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಅದರ ನಡುವಿನ ಕೊಕ್ಕೆಗೆ ಕಲ್ಲು ತುಂಬಿದ ಕೈಚೀಲ ತೂಗುಹಾಕಿ. “ಸರ್ವೇದವರೇನ್ರಿ? ನಮ್ಮ ಹೊಲಾನೂ ಹೋಗತೈತೇನು?” ಎಂದು ಯಾರಾದರೂ ಗಾಬರಿಯಾಗಿ ಕೇಳಿದರೆ ಒಮ್ಮೆ ಕಣ್ಣಿಟ್ಟು ನೋಡಲು ಬಿಡಿ.

ಎರಿ ಮಣ್ಣಿನ ಧೂಳು ಗಾಜಿನ ಮೇಲೆ ಕೂತರೆ ಟವಲಿನ ತುದಿಯಿಂದ ಒರೆಸಲು ಹೋಗಬೇಡಿ, ಲೇಪ ಗೀಚುತ್ತದೆ. ರಬ್ಬರ್ ಬಲ್ಬಿನಿಂದ ಗಾಳಿ ಊದಿ ಧೂಳು ಹಾರಿಸಿ, ಮೆತ್ತನೆಯ ಬ್ರಷ್ ಆಡಿಸಿ, ಆಮೇಲೆ ಬೇಕಾದರೆ ಲೆನ್ಸ್ ಬಟ್ಟೆ.