ಭೌತವಿಜ್ಞಾನದ ಅರ್ಜಿ ಎಂದು ಆರಂಭವಾಗುತ್ತದೆ?

ಚಂದಾಪುರದಲ್ಲಿ ಎಂಜಿನಿಯರಿಂಗ್, ವೈದ್ಯಕೀಯಗಳ ಮಾತು ಮನೆಮನೆಯಲ್ಲಿಯೂ ಉಂಟು. ಆದರೆ ಭೌತವಿಜ್ಞಾನವನ್ನೇ ವ್ಯಾಸಂಗ ಮಾಡಬಯಸುವ ವಿದ್ಯಾರ್ಥಿಗೆ ದಾರಿ ತೋರುವವರು ವಿರಳ. ಅಂಥವರಿಗಾಗಿ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ, ಪಿಯುಸಿ ಮುಗಿಸಿದವರಿಗಾಗಿ ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನು ಆರಂಭಿಸಿತು. ಅಲ್ಲಿ ಮೊದಲು ಎಲ್ಲರೂ ಭೌತ, ರಸಾಯನ, ಜೀವ, ಗಣಿತ ಶಾಸ್ತ್ರಗಳನ್ನು ಕಲಿಯುತ್ತಾರೆ. ಬಳಿಕ ಒಂದನ್ನು ಪ್ರಧಾನ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಕೊನೆಯ ವರ್ಷ ಸಂಶೋಧನೆಯಲ್ಲಿ ತೊಡಗುತ್ತಾರೆ.

ಪ್ರವೇಶಕ್ಕೆ ಜೆಇಇ ಅಡ್ವಾನ್ಸ್‌ಡ್ ಒಂದು ದಾರಿ, ಐಸರ್ ಸಂಸ್ಥೆಗಳು ನಡೆಸುವ ಐಎಟಿ ಪರೀಕ್ಷೆ ಇನ್ನೊಂದು. ಐಎಟಿಯಲ್ಲಿ ಮೂರು ಗಂಟೆಗಳಿಗೆ 60 ಪ್ರಶ್ನೆಗಳು: ಮೇಲಣ ನಾಲ್ಕು ಶಾಸ್ತ್ರಗಳಿಗೆ ತಲಾ 15. ಸರಿಯುತ್ತರಕ್ಕೆ 4 ಅಂಕ. ತಪ್ಪಿದರೆ 1 ಅಂಕ ಕಳೆಯುತ್ತಾರೆ.

ಇಲ್ಲಿಯೇ ಒಂದು ತೊಡಕು ಅಡಗಿದೆ. ಭೌತವಿಜ್ಞಾನಕ್ಕೆ ಜೀವವಿಜ್ಞಾನವೇಕೆಂದು ಪಿಯುಸಿಯಲ್ಲಿ ಅದನ್ನು ಕೈಬಿಟ್ಟವರಿಗೆ 240 ಅಂಕಗಳಲ್ಲಿ 60 ಅಂಕಗಳ ಭಾಗವು ಅಪರಿಚಿತವಾಗಿಬಿಡುತ್ತದೆ! ಆದ್ದರಿಂದ, ಪಿಯುಸಿಗೆ ಸೇರಿ ವಿಷಯಗಳನ್ನು ಆರಿಸುವ ದಿನವೇ ಈ ಅರ್ಜಿಯ ಮೊದಲ ಸಾಲನ್ನು ಬರೆದಂತೆ. ಈಗಾಗಲೇ ಕೈಬಿಟ್ಟವರು ಎದೆಗುಂದಬೇಕಾಗಿಲ್ಲ. ಎನ್‌ಸಿಇಆರ್‌ಟಿಯ ಜೀವವಿಜ್ಞಾನ ಪುಸ್ತಕಗಳನ್ನು ತಂದು ದಿನಕ್ಕೆ ಕೆಲವು ಪುಟಗಳನ್ನು ಓದಲಿ.

ಉತ್ತರ ತಿಳಿಯದಾಗ ಊಹಿಸಬಹುದೆ? ಲೆಕ್ಕ ಹಾಕಿ ನೋಡೋಣ. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆಗಳು. ಕಣ್ಣು ಮುಚ್ಚಿ ಗುರುತು ಹಾಕಿದರೆ ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿ, ಮೂರು ತಪ್ಪು; ಉಳಿಯುವುದು 4 - 3 = 1 ಅಂಕ. ವೇಗವನ್ನು ಕೇಳಿದಾಗ ಸೆಕೆಂಡಿಗೆ ಮೀಟರ್ ಎಂಬ ಮಾನಕ್ಕೆ ಹೊಂದದ ಎರಡು ಉತ್ತರಗಳನ್ನು ಮೊದಲೇ ತಳ್ಳಿಹಾಕಿದೆವೆನ್ನಿ. ಅಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿ, ಎರಡು ತಪ್ಪು; 8 - 2 = 6 ಅಂಕ! ಕುರುಡು ಊಹೆಗಿಂತ ಅರ್ಧ ವಿಚಾರವೂ ಆರು ಪಾಲು ಮೇಲು.

ಇನ್ನೆರಡು ಎಚ್ಚರಿಕೆಗಳು. ಐಎಟಿಗೆ ಹೆಸರು ನೋಂದಾಯಿಸಿದ ಮಾತ್ರಕ್ಕೆ ಸಾಲದು. ವಿಜ್ಞಾನ ಸಂಸ್ಥೆಗೆ ಪ್ರತ್ಯೇಕ ಅರ್ಜಿಯನ್ನೂ ಸಲ್ಲಿಸಬೇಕು. 371ಜೆ ವಿಧಿಯ ಮೀಸಲಾತಿ ಇಲ್ಲಿ ದೊರೆಯದು. ಇದು ಕೇಂದ್ರದ ಸಂಸ್ಥೆಯಾದುದರಿಂದ ಕೇಂದ್ರದ ಮೀಸಲಾತಿಯೇ ಅನ್ವಯಿಸುತ್ತದೆ. ಹಿಂದುಳಿದ ವರ್ಗದವರು ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು ತಹಸೀಲ್ದಾರರ ಕಚೇರಿಯಿಂದ ಮುಂಚಿತವಾಗಿಯೇ ಪಡೆದಿರಲಿ.

ಸ್ಥಳಗಳು ಕಡಿಮೆ, ಸ್ಪರ್ಧೆ ಬಹಳ. ಆಯ್ಕೆಯಾಗದಿರುವ ಸಂಭವವೇ ಹೆಚ್ಚು. ಆದರೆ ಸೂತ್ರವನ್ನು ಬಾಯಿಪಾಠ ಮಾಡದೆ ಅದು ಹೇಗೆ ಬಂದಿತೆಂದು ವಿಚಾರಿಸಿದವರ ಶ್ರಮ ಎಲ್ಲಿ ಓದಿದರೂ ವ್ಯರ್ಥವಾಗದು. ದಾರಿಯೇ ತಿಳಿಯದೆ ಚಂದಾಪುರದಲ್ಲಿ ಉಳಿದುಹೋಗುವುದು ಮಾತ್ರ ಬೇಡ.