ಮಗುವಿನ ಹಕ್ಕು, ಸ್ವಯಂಸೇವಕನ ಮಾತು: ಹೊರನಾಡ ಕನ್ನಡದ ನೆಲೆಯಿಂದ ಒಂದು ವಿವೇಚನೆ

1. ಕರಪತ್ರದಿಂದ ಒಡಂಬಡಿಕೆಗೆ

1919ರಲ್ಲಿ, ಮೊದಲ ಮಹಾಯುದ್ಧ ನಿಂತ ಬೆನ್ನಿಗೇ, ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಎಗ್ಲಂಟೈನ್ ಜೆಬ್ ಎಂಬ ಮಹಿಳೆ ದಾರಿಹೋಕರಿಗೆ ಕರಪತ್ರ ಹಂಚುತ್ತಿದ್ದರು. ಸೋತ ಆಸ್ಟ್ರಿಯಾದ ಹಸಿದ ಮಕ್ಕಳ ಚಿತ್ರ ಅದರಲ್ಲಿತ್ತು. ಬ್ರಿಟನ್ ಹೂಡಿದ್ದ ದಿಗ್ಬಂಧನವೇ ಆ ಹಸಿವಿಗೆ ಕಾರಣವೆಂಬ ಆರೋಪವೂ ಇತ್ತು. ಸರಕಾರದ ಅನುಮತಿಯಿಲ್ಲದೆ ಹಂಚಿದ ತಪ್ಪಿಗಾಗಿ ಆಕೆಯನ್ನು ಬಂಧಿಸಿ, ನ್ಯಾಯಾಲಯ ಐದು ಪೌಂಡು ದಂಡ ವಿಧಿಸಿತು. ಅವರ ವಿರುದ್ಧ ವಾದಿಸಿದ ಸರಕಾರಿ ವಕೀಲರೇ ಆ ದಂಡದ ಮೊತ್ತವನ್ನು ಆಕೆಯ ಕೈಗಿತ್ತರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅದೇ ವರ್ಷದ ಮೇ ತಿಂಗಳಲ್ಲಿ ಜೆಬ್ ಮತ್ತು ಅವರ ಸಹೋದರಿ ಡೊರೊತಿ ಬಕ್ಸ್‌ಟನ್ ಮಕ್ಕಳ ನೆರವಿನ ನಿಧಿಯೊಂದನ್ನು ಸ್ಥಾಪಿಸಿದರು. ‘ಸೇವ್ ದ ಚಿಲ್ಡ್ರನ್’ ಎಂಬ ಹೆಸರಿನಿಂದ ಅದು ಇಂದಿಗೂ ಕೆಲಸ ಮಾಡುತ್ತಿದೆ. ಜೆಬ್ ಸಿದ್ಧಪಡಿಸಿದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಗಳ ಸಂಘ ಜಿನೀವಾದಲ್ಲಿ ಅಂಗೀಕರಿಸಿತು.

ಈ ಘಟನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಕ್ಕಳ ಹಕ್ಕಿನ ಆಂದೋಲನದಲ್ಲಿ ಅನ್ನದ ಗಾಡಿಗಿಂತ ಮೊದಲು ಹೊರಟದ್ದು ಒಂದು ಕರಪತ್ರ. ಸಂವಹನವನ್ನು ಮಾನವೀಯ ಸೇವೆಯ ಅಲಂಕಾರವೆಂದೋ ಪ್ರಚಾರವೆಂದೋ ಭಾವಿಸುವ ವಾಡಿಕೆಯಿದೆ. ಆದರೆ ಅದು ಆ ಸೇವೆಯ ಬೇರುಗಳಲ್ಲಿ ಒಂದು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ, 1992ರ ಡಿಸೆಂಬರ್ 11ರಂದು ಭಾರತ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಇದನ್ನು ಮನಗಂಡಿದೆ. ಅದರ 54 ವಿಧಿಗಳಲ್ಲಿ ಹಲವು ನೇರವಾಗಿ ಮಾತಿಗೆ ಸಂಬಂಧಿಸಿದವು. 12ನೆಯ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. 16ನೆಯದು ಅದರ ಖಾಸಗಿತನವನ್ನೂ ಮಾನವನ್ನೂ ಕಾಯುತ್ತದೆ. ಅಲ್ಪಸಂಖ್ಯಾತ ಮಕ್ಕಳ ಭಾಷಿಕ ಅಗತ್ಯಗಳನ್ನು ಸಮೂಹ ಮಾಧ್ಯಮಗಳು ಗಮನಿಸುವಂತೆ ಪ್ರೋತ್ಸಾಹಿಸಬೇಕೆಂಬುದು 17ನೆಯ ವಿಧಿಯ ಆಶಯ. ತನ್ನ ಸಮುದಾಯದ ಭಾಷೆಯನ್ನು ಬಳಸುವ ಹಕ್ಕನ್ನು 30ನೆಯದು ಹೇಳಿದರೆ, ಒಡಂಬಡಿಕೆಯ ತತ್ತ್ವಗಳನ್ನು ಹಿರಿಯರಿಗೂ ಮಕ್ಕಳಿಗೂ ತಿಳಿಯಪಡಿಸುವ ಹೊಣೆಯನ್ನು 42ನೆಯದು ಸರಕಾರಗಳ ಮೇಲೆ ಹೊರಿಸುತ್ತದೆ. ಮಕ್ಕಳ ಹಕ್ಕಿನ ಕಾರ್ಯಕ್ರಮವೊಂದರಲ್ಲಿ ಸಂವಹನದ ಕೆಲಸಕ್ಕೆ ತೊಡಗುವ ಸ್ವಯಂಸೇವಕನ ಕಾರ್ಯಕ್ಷೇತ್ರ ಈ ಐದು ವಿಧಿಗಳ ನಡುವೆ ಇದೆ. ತಿಳಿಸುವ ಹೊಣೆ ಒಂದು ಕಡೆ, ಮರೆಮಾಡುವ ಹೊಣೆ ಇನ್ನೊಂದು ಕಡೆ. ಇವೆರಡರ ಘರ್ಷಣೆಯೇ ಈ ಕೆಲಸದ ಮುಖ್ಯ ಸಮಸ್ಯೆ.

2. ಚಿತ್ರದ ಮಗು, ನಿಜದ ಮಗು

ಜೆಬ್ ಅವರ ಕರಪತ್ರವೇ ಒಂದು ಪರಂಪರೆಗೆ ದಾರಿಮಾಡಿತು. ಬಡಕಲು ಮಗುವಿನ ಚಿತ್ರ ತೋರಿಸಿ ದಾನ ಬೇಡುವ ಪದ್ಧತಿ ಇಪ್ಪತ್ತನೆಯ ಶತಮಾನದುದ್ದಕ್ಕೂ ಬೆಳೆಯಿತು. ಅದರ ಇಕ್ಕಟ್ಟು ಜಗತ್ತಿಗೆ ತೀವ್ರವಾಗಿ ಅರಿವಾದದ್ದು 1993ರ ಮಾರ್ಚ್‌ನಲ್ಲಿ, ಸೂಡಾನಿನ ಬರಗಾಲದ ಒಂದು ಛಾಯಾಚಿತ್ರ ಅಮೆರಿಕದ ಪತ್ರಿಕೆಯಲ್ಲಿ ಪ್ರಕಟವಾದಾಗ. ಕೆವಿನ್ ಕಾರ್ಟರ್ ತೆಗೆದ ಆ ಚಿತ್ರದಲ್ಲಿ ಕುಸಿದು ಕುಳಿತ ಮಗುವಿನ ಹಿಂದೆ ರಣಹದ್ದೊಂದು ಕಾದಿತ್ತು. ಮಗುವಿನ ಗತಿ ಏನಾಯಿತೆಂದು ಓದುಗರು ಕೇಳಿದರು. ಮಗು ಮತ್ತೆ ನಡೆಯತೊಡಗಿತೆಂದೂ ಅನ್ನಕೇಂದ್ರವನ್ನು ತಲುಪಿತೋ ಇಲ್ಲವೋ ತಿಳಿಯದೆಂದೂ ಪತ್ರಿಕೆ ಉತ್ತರಿಸಿತು. 1994ರಲ್ಲಿ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ವರ್ಷ ಛಾಯಾಗ್ರಾಹಕ ಆತ್ಮಹತ್ಯೆ ಮಾಡಿಕೊಂಡ. ಅದು ಹೆಣ್ಣುಮಗುವೆಂದೇ ಜಗತ್ತು ಬಹುಕಾಲ ನಂಬಿತ್ತು. ಗಂಡುಮಗುವೆಂಬ ವರದಿ ಬಂದದ್ದು 2011ರಲ್ಲಿ. ಆ ಚಿತ್ರ ಬರಗಾಲದ ಕಡೆಗೆ ಜಗತ್ತಿನ ಗಮನ ಸೆಳೆಯಿತೆಂಬುದು ನಿಜ. ಎಲ್ಲರೂ ನೋಡಿದ ಆ ಮಗುವನ್ನು ಯಾರೂ ಅರಿಯಲಿಲ್ಲವೆಂಬುದೂ ಅಷ್ಟೇ ನಿಜ.

1994ರಲ್ಲಿ ರೆಡ್‌ಕ್ರಾಸ್ ಆಂದೋಲನ ಮತ್ತು ಇತರ ನೆರವು ಸಂಸ್ಥೆಗಳು ಒಪ್ಪಿಕೊಂಡ ನಡವಳಿಕೆಯ ಸಂಹಿತೆಯ ಹತ್ತನೆಯ ತತ್ತ್ವ ಈ ಪ್ರಶ್ನೆಯನ್ನು ಕುರಿತದ್ದು. ಪ್ರಚಾರ ಹಾಗೂ ಜಾಹೀರಾತುಗಳಲ್ಲಿ ವಿಪತ್ತಿಗೀಡಾದವರನ್ನು ಘನತೆಯುಳ್ಳ ಮನುಷ್ಯರೆಂದು ಕಾಣಬೇಕು, ಅಸಹಾಯಕ ವಸ್ತುಗಳೆಂದಲ್ಲ ಎಂಬುದು ಅದರ ತಾತ್ಪರ್ಯ. ಕರುಣೆಯ ಭಾಷೆ ಮಗುವನ್ನು ಪಡೆಯುವವನ ಸ್ಥಾನದಲ್ಲಿ ಕೂರಿಸುತ್ತದೆ. ಹಕ್ಕಿನ ಭಾಷೆ ಕೇಳುವವನ ಸ್ಥಾನದಲ್ಲಿ ನಿಲ್ಲಿಸುತ್ತದೆ. ಬರೆಯುವವನು ಯಾವ ಭಾಷೆಯನ್ನು ಆರಿಸಿಕೊಳ್ಳುತ್ತಾನೆಂಬುದು ಶೈಲಿಯ ಪ್ರಶ್ನೆ ಮಾತ್ರವಲ್ಲ.

ಭಾರತದ ಕಾನೂನು ಇಲ್ಲಿ ಖಚಿತವಾದ ಗೆರೆ ಎಳೆದಿದೆ. 2015ರ ಬಾಲನ್ಯಾಯ ಅಧಿನಿಯಮದ 74ನೆಯ ಕಲಂ ಪ್ರಕಾರ, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಅಥವಾ ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಹತ್ತುವ ಯಾವುದೇ ವಿವರವನ್ನು ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಅಧಿನಿಯಮದ 23ನೆಯ ಕಲಮೂ ಇಂಥದೇ ನಿರ್ಬಂಧ ಹೇರುತ್ತದೆ. ಹೆಸರು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ತಂದೆಯ ಕಸುಬು, ಊರಿನ ಹೆಸರು, ಚಾಳಿನ ಗುರುತು, ಮಗುವಿನ ವಯಸ್ಸು ಇವು ಬಿಡಿಯಾಗಿ ಏನನ್ನೂ ಹೇಳದಿದ್ದರೂ ಒಟ್ಟುಗೂಡಿದಾಗ ನೆರೆಹೊರೆಯವರಿಗೆ ಎಲ್ಲವನ್ನೂ ಹೇಳುತ್ತವೆ. ಪರಸ್ಪರ ಪರಿಚಯವಿರುವ ಹೊರನಾಡಿನ ಚಿಕ್ಕ ಭಾಷಿಕ ಸಮುದಾಯದಲ್ಲಿ ಈ ಅಪಾಯ ಇನ್ನೂ ಹೆಚ್ಚು.

3. ಹೆಸರಿಸುವ ಬಗೆ

1986ರ ಕಾನೂನಿನಲ್ಲಿ ‘ಅಪರಾಧಿ ಬಾಲಕ’ ಎಂಬ ಅರ್ಥದ ಪದವಿತ್ತು. 2000ದ ಬಾಲನ್ಯಾಯ ಅಧಿನಿಯಮ ಅದನ್ನು ಕೈಬಿಟ್ಟು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ’ ಎಂಬ ಉದ್ದನೆಯ ವಿಶೇಷಣವನ್ನು ತಂದಿತು. ಕನ್ನಡದ ಕಿವಿಗೆ ಇದು ತೊಡಕಿನದೇ. ಆದರೂ ಈ ತೊಡಕಿಗೆ ಅರ್ಥವಿದೆ. ‘ಬಾಲಾಪರಾಧಿ’ ಎಂಬುದು ಮಗು ಏನೆಂದು ಹೇಳುತ್ತದೆ. ಹೊಸ ಮಾತು ಮಗುವಿಗೆ ಏನಾಗಿದೆಯೆಂದು ಹೇಳುತ್ತದೆ.

ಹೊರನಾಡ ಕನ್ನಡಿಗರ ಮಾತಿನಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. ಕರಾವಳಿಯ ಕೆಲವು ಸಮುದಾಯಗಳ ಆಡುಮಾತಿನಲ್ಲಿ ‘ಮಾಣಿ’ ಎಂದರೆ ಹುಡುಗ, ಮನೆಯ ಮುದ್ದಿನ ಮಗ. ಉಡುಪಿ ಹೋಟೆಲುಗಳೊಂದಿಗೆ ಊರೂರಿಗೆ ಹೋದ ಆ ಪದ ತಿಂಡಿ ತಂದುಕೊಡುವ ಕೆಲಸದವನ ಹೆಸರಾಯಿತು. ಮರಾಠಿಯ ‘ಪೋರ್‍ಯಾ’, ಹಿಂದಿಯ ‘ಛೋಟು’ ಕೂಡ ಹೀಗೆಯೇ ಚಹದಂಗಡಿಯ ಕೆಲಸಕ್ಕೆ ಅಂಟಿಕೊಂಡವು. ಮೂರು ಭಾಷೆಗಳಲ್ಲೂ ಮಗುವನ್ನು ಸೂಚಿಸುವ ಪದವೇ ಉದ್ಯೋಗವನ್ನು ಸೂಚಿಸುವ ಪದವಾಗಿರುವುದು ಆಕಸ್ಮಿಕವಲ್ಲ. ಆ ಕೆಲಸಕ್ಕೆ ಮಕ್ಕಳೇ ಬರುತ್ತಾರೆಂಬ ಸಾಮಾಜಿಕ ಒಪ್ಪಿಗೆ ಪದಗಳೊಳಗೆ ಗಟ್ಟಿಯಾಗಿ ಕುಳಿತಿದೆ.

ಮುಂಬಯಿ ಕನ್ನಡಿಗರ ಚರಿತ್ರೆಯ ಒಂದು ಹೆಮ್ಮೆಯ ಅಧ್ಯಾಯವನ್ನೂ ಇದೇ ಬೆಳಕಿನಲ್ಲಿ ನೋಡಬೇಕಾಗುತ್ತದೆ. ದಕ್ಷಿಣ ಕನ್ನಡದಿಂದ ಎಳೆಯ ವಯಸ್ಸಿನಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಕಥೆಗಳು ಅಭಿನಂದನ ಗ್ರಂಥಗಳಲ್ಲೂ ಸಂಘಗಳ ಸ್ಮರಣಸಂಚಿಕೆಗಳಲ್ಲೂ ಹೇರಳವಾಗಿವೆ. ರಾತ್ರಿಶಾಲೆಗಳ ಸಾಧನೆ ದೊಡ್ಡದು; ಅದನ್ನು ಅಲ್ಲಗಳೆಯಲಾಗದು. ಆದರೆ ಗೆದ್ದವರಷ್ಟೇ ತಮ್ಮ ಕಥೆ ಬರೆದರು. ಹಗಲಿನ ದಣಿವಿನಲ್ಲಿ ಶಾಲೆಯ ಮೆಟ್ಟಿಲು ಹತ್ತದ ಹುಡುಗರ ಕಥೆ ಬರೆದಿಟ್ಟವರು ವಿರಳ. ಹೋಟೆಲು, ಧಾಬಾ, ಮನೆಗೆಲಸಗಳಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಹಿಂದಿನ ತಲೆಮಾರಿನ ಸಾಹಸವನ್ನು ಗೌರವಿಸುತ್ತಲೇ, ಅಂಥ ಸಾಹಸ ಮಗುವೊಂದಕ್ಕೆ ಅನಿವಾರ್ಯವಾಗಬಾರದಿತ್ತೆಂದು ಹೇಳುವ ಕನ್ನಡ ಇನ್ನೂ ರೂಪುಗೊಳ್ಳಬೇಕಾಗಿದೆ.

4. ಮಕ್ಕಳದೇ ಮಾತು

ಮಕ್ಕಳ ಪರವಾಗಿ ಬರೆಯುವುದಕ್ಕಿಂತ ಮಕ್ಕಳೇ ಬರೆಯುವ ಅನುಕೂಲ ಕಲ್ಪಿಸುವುದು ಮೇಲೆಂಬ ತಿಳಿವಳಿಕೆ ಕರ್ನಾಟಕದಲ್ಲಿ ಬಹು ಹಿಂದೆಯೇ ಮೂಡಿತ್ತು. 1990ರಲ್ಲಿ ದುಡಿಯುವ ಮಕ್ಕಳು ‘ಭೀಮ ಸಂಘ’ವನ್ನು ಕಟ್ಟಿಕೊಂಡರು. ಅವರ ಬೆನ್ನಿಗಿದ್ದ ಬೆಂಗಳೂರಿನ ಸಂಸ್ಥೆಯ ಆಶ್ರಯದಲ್ಲಿ ‘ಭೀಮ ಪತ್ರಿಕೆ’ ಎಂಬ ಗೋಡೆಪತ್ರಿಕೆ ನಡೆಯಿತು. ಮುಂಬಯಿಯ ಹೋಟೆಲುಗಳಿಗೆ ತಲೆಮಾರುಗಳಿಂದ ಹುಡುಗರನ್ನು ಕಳುಹಿಸಿದ ಕುಂದಾಪುರ ಸೀಮೆಯಲ್ಲಿಯೇ ಮಕ್ಕಳ ಪಂಚಾಯತಿಗಳ ಪ್ರಯೋಗ ನಡೆದದ್ದು ಗಮನಾರ್ಹ. ದೆಹಲಿಯಲ್ಲಿ 2003ರಲ್ಲಿ ಆರಂಭವಾದ ‘ಬಾಲಕನಾಮಾ’ ಬೀದಿಬದಿಯ ಮತ್ತು ದುಡಿಯುವ ಮಕ್ಕಳೇ ಸುದ್ದಿ ಸಂಗ್ರಹಿಸಿ ರೂಪಿಸಿದ ಹಿಂದಿ ಪತ್ರಿಕೆ.

ಮುಂಬಯಿಯಲ್ಲಿ 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ, ಜೆರೂ ಬಿಲ್ಲಿಮೋರಿಯಾ ಅವರ ಮುಂದಾಳುತನದಲ್ಲಿ ಆರಂಭವಾದ ಮಕ್ಕಳ ಸಹಾಯವಾಣಿಯ ಕಥೆಯೂ ಇಲ್ಲಿ ಸಲ್ಲುತ್ತದೆ. ಅದರ 1098 ಎಂಬ ಸಂಖ್ಯೆಯನ್ನು ಒಂದು, ಸೊನ್ನೆ, ಒಂಬತ್ತು, ಎಂಟು ಎಂದು ಹೇಳದೆ ‘ದಸ್ ನೌ ಆಠ್’ ಎಂದು ಕರೆಯಬೇಕೆಂಬ ಸಲಹೆ ಬೀದಿಯ ಮಕ್ಕಳದು. ಹತ್ತರಿಂದ ಹಿಂದಕ್ಕೆ ಎಣಿಸಬಲ್ಲ ಯಾವ ಮಗುವಿಗೂ, ಅಕ್ಷರ ಬಾರದಿದ್ದರೂ, ಅದು ನೆನಪಿನಲ್ಲಿ ಉಳಿಯುತ್ತದೆ. ದುಬಾರಿ ಜಾಹೀರಾತು ಮಾಡಲಾಗದ ಕೆಲಸವನ್ನು ಮಕ್ಕಳ ಒಂದು ಉಚ್ಚಾರಣೆ ಮಾಡಿತು. 2023ರಲ್ಲಿ ಈ ವ್ಯವಸ್ಥೆ ಸ್ವಯಂಸೇವಾ ಸಂಸ್ಥೆಗಳಿಂದ ಸರಕಾರಿ ಆಡಳಿತಕ್ಕೆ ವರ್ಗವಾಗಿ, ತುರ್ತು ಸಂಖ್ಯೆಯಾದ 112ರೊಂದಿಗೆ ಜೋಡಣೆಗೊಂಡಿತು. 1098 ಮಾತ್ರ ಬದಲಾಗಲಿಲ್ಲ.

5. ದುಭಾಷಿಯ ಹೊಣೆ

ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯಿಂದ ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳ ಮಕ್ಕಳಿಗೆ ಊರಿನ ಶಾಲೆ ತಪ್ಪುತ್ತದೆ, ನಗರದ ಶಾಲೆಯ ಮಾತು ತಿಳಿಯದು. ಇಂಥ ಮಗು ತೊಂದರೆಗೆ ಸಿಲುಕಿದಾಗ ಅದರ ಮಾತನ್ನು ಅರಿಯಬಲ್ಲವರು ಬೇಕು. 2012ರ ಅಧಿನಿಯಮದ 19, 26 ಮತ್ತು 38ನೆಯ ಕಲಂಗಳು ಪೋಲೀಸರೆದುರಿಗೂ ನ್ಯಾಯಾಲಯದಲ್ಲೂ ಮಗುವಿಗೆ ಭಾಷಾಂತರಕಾರ ಅಥವಾ ದುಭಾಷಿಯ ನೆರವು ದೊರೆಯಲು ಅವಕಾಶ ಕಲ್ಪಿಸಿವೆ. ಹೊರನಾಡಿನ ಕನ್ನಡ ವಿದ್ಯಾರ್ಥಿಯ ವಿದ್ಯೆ ನೇರವಾಗಿ ಉಪಯೋಗಕ್ಕೆ ಬರುವ ಸ್ಥಳ ಇದು.

ಆದರೆ ಪಠ್ಯಪುಸ್ತಕದ ಕನ್ನಡವೊಂದೇ ಇಲ್ಲಿ ಸಾಲದು. ಮಗು ‘ಅಂಜಿಕಿ’ ಎಂದಾಗ, ‘ಬಡದಾನ’ ಎಂದಾಗ ಅದರ ತೂಕ ತಿಳಿದಿರಬೇಕು. ತಾಂಡಾದಿಂದ ಬಂದ ಮಗುವಿನ ಮನೆಮಾತು ಲಂಬಾಣಿಯಾಗಿರಬಹುದು. ಕರ್ನಾಟಕದಿಂದ ಬಂದ ಮಾತ್ರಕ್ಕೆ ಕನ್ನಡವೇ ಅದರ ತಾಯ್ನುಡಿಯೆಂದು ಭಾವಿಸುವಂತಿಲ್ಲ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಂಬಂಧವಾಚಕಗಳ ಬಳಕೆ. ಉತ್ತರ ಕರ್ನಾಟಕದ ಮಗು ಪರಿಚಯದ ಯಾವ ಹಿರಿಯನನ್ನಾದರೂ ‘ಕಾಕಾ’, ‘ಮಾಮಾ’ ಎಂದೀತು. ಮುಂಬಯಿಯ ಬೀದಿಮಾತಿನಲ್ಲಿ ‘ಮಾಮಾ’ ಎಂದರೆ ಪೋಲೀಸ್ ಪೇದೆಯೂ ಹೌದು. ‘ಮಾಮಾ ಬಡದಾನ’ ಎಂಬ ಎರಡು ಪದಗಳನ್ನು ‘ತಾಯಿಯ ಸೋದರ ಹೊಡೆದ’ ಎಂದು ಅನುವಾದಿಸಿ ಬರೆದುಕೊಂಡರೆ, ತಪ್ಪು ಮಾಡದ ಬಂಧುವೊಬ್ಬ ಆರೋಪಿಯಾಗಬಹುದು. ತಪ್ಪು ಮಾಡಿದವನು ನುಣುಚಿಕೊಳ್ಳಬಹುದು. ಆದುದರಿಂದ ಮಗು ಆಡಿದ ಪದವನ್ನು ಇದ್ದಂತೆಯೇ ದಾಖಲಿಸುವುದು, ಅದರ ಸಂಭವನೀಯ ಅರ್ಥಗಳನ್ನು ಪ್ರತ್ಯೇಕವಾಗಿ ಅಧಿಕಾರಿಗೆ ತಿಳಿಸುವುದು ದುಭಾಷಿಯ ಧರ್ಮ. ಯಾವ ಮಾಮಾ ಎಂದು ತಾನೇ ಕೆದಕಿ ಕೇಳುವುದು ಅವನ ಕೆಲಸವಲ್ಲ. ಅದಕ್ಕೆ ತರಬೇತಿ ಪಡೆದವರಿದ್ದಾರೆ. ಸೂಚಿಸುವ ಪ್ರಶ್ನೆಯೊಂದು ಮಗುವಿನ ನೆನಪನ್ನು ಕಲಕಬಲ್ಲದು. ಮತ್ತೆ ಮತ್ತೆ ಹೇಳಿಸುವುದು ನೋವನ್ನು ಮರುಕಳಿಸಬಲ್ಲದು. ಇಂಥ ಅಪರಾಧದ ಮಾಹಿತಿ ತನಗೆ ದೊರೆತರೆ ಅದನ್ನು ಪೋಲೀಸರಿಗೆ ತಿಳಿಸುವುದು 19ನೆಯ ಕಲಂ ಪ್ರಕಾರ ಸ್ವಯಂಸೇವಕನ ಕರ್ತವ್ಯವೂ ಹೌದು. ಯಾರಿಗೂ ಹೇಳುವುದಿಲ್ಲವೆಂಬ ಮಾತನ್ನು ಮಗುವಿಗೆ ಕೊಡುವಂತಿಲ್ಲ.

ಚಿತ್ರ, ಬರಹಗಳ ವಿಷಯದಲ್ಲೂ ಇದೇ ಎಚ್ಚರ ಸಲ್ಲುತ್ತದೆ. ಹಿರಿಯರ ಒಪ್ಪಿಗೆಯ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ಚಿತ್ರ ಎಲ್ಲಿ ಪ್ರಕಟವಾಗುವುದೆಂದು ಅದರ ಮಾತಿನಲ್ಲೇ ವಿವರಿಸಬೇಕು. ಒಲ್ಲೆನೆಂದ ಮಗುವಿಗೆ ನೆರವು ನಿಲ್ಲದೆಂಬ ಭರವಸೆಯಿಲ್ಲದಿದ್ದರೆ ಒಪ್ಪಿಗೆ ಎಂಬ ಮಾತಿಗೆ ಅರ್ಥವಿಲ್ಲ. ಬರೆದುದನ್ನು ಮಗುವಿಗೆ ಓದಿ ಹೇಳಿ, ಅದು ಬೇಡವೆಂದ ವಾಕ್ಯವನ್ನು ಹೊಡೆದುಹಾಕುವ ಸೌಜನ್ಯ ಬರೆಯುವವನಿಗಿರಬೇಕು.

ಹೊರನಾಡಿನ ಕನ್ನಡ ವಿಭಾಗಗಳು ಅನುವಾದ, ಉಪಭಾಷೆ, ಪದಕೋಶಗಳ ಅಧ್ಯಯನದಲ್ಲಿ ತೊಡಗಿಕೊಂಡಿವೆ. ಆ ಅನುಭವದಿಂದ ಮಕ್ಕಳ ರಕ್ಷಣೆಗೆ ಸಂಬಂಧಿಸಿದ ಒಂದು ಚಿಕ್ಕ ಪದಕೋಶವನ್ನು ಕಲಬುರಗಿ, ಧಾರವಾಡ, ಕುಂದಾಪುರಗಳ ಆಡುನುಡಿಗಳೊಂದಿಗೆ, ಎದುರಿಗೆ ಮರಾಠಿ, ತಮಿಳು, ತೆಲುಗು, ಹಿಂದಿ ಅರ್ಥಗಳನ್ನಿಟ್ಟು ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ದೇಹದ ಅಂಗಗಳಿಗೆ, ಭಯಕ್ಕೆ, ನೋವಿಗೆ, ಬಂಧುಗಳಿಗೆ ಮಕ್ಕಳು ಬಳಸುವ ಪದಗಳು ಅದರಲ್ಲಿರಬೇಕು. ಪೋಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತು, ಸುತ್ತಲಿನ ಯಾವ ಮಾತೂ ಅರ್ಥವಾಗದೆ ಮೌನವಾಗಿರುವ ಮಗುವಿಗೆ ಮೊದಲು ಬೇಕಾದದ್ದು ತನ್ನ ಊರಿನ ಮಾತನ್ನು ಬಲ್ಲ ಒಬ್ಬ ಮನುಷ್ಯ. ಅಂಥವರನ್ನು ಸಿದ್ಧಗೊಳಿಸುವುದು ಭಾಷಾ ವಿಭಾಗವೊಂದರ ಅಧ್ಯಯನಕ್ಕೆ ಹೊರಗಿನ ಕೆಲಸವೆಂದು ತಿಳಿಯಲು ಕಾರಣವಿಲ್ಲ.