ಮೋಜಣಿದಾರನ ಹಿತ್ತಾಳೆ ಡಬ್ಬಿ

ಹೊಲದ ಮಧ್ಯೆ ನೆಟ್ಟಗೆ ಹಾಸಿದ ಸರಪಳಿಯ ಮಗ್ಗುಲಲ್ಲಿ, ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟದಾದ ಹಿತ್ತಾಳೆಯ ದುಂಡು ಡಬ್ಬಿಯೊಂದನ್ನು ಕಣ್ಣಿಗೆ ಹಿಡಿದುಕೊಂಡು, ಒಂದು ಹೆಜ್ಜೆ ಮುಂದಕ್ಕೂ ಅರೆಹೆಜ್ಜೆ ಹಿಂದಕ್ಕೂ ಸರಿದಾಡುವ ಮೋಜಣಿದಾರನನ್ನು ಕಂಡವರಿಗೆ, ಆತನು ಅದರೊಳಗೆ ಏನನ್ನು ಅರಸುತ್ತಿರುವನೆಂಬ ಕುತೂಹಲ ಹುಟ್ಟುವುದು ಸಹಜವಾದುದು. ಆತನು ಅರಸುವುದು ಲಂಬಪಾದವನ್ನು. ಎಂದರೆ, ದೂರದ ಬಾಂದುಕಲ್ಲಿನಿಂದ ಸರಪಳಿಗೆ ಎಳೆದ ಲಂಬರೇಖೆಯು ಸರಪಳಿಯನ್ನು ಮುಟ್ಟುವ ಆ ಒಂದೇ ಬಿಂದುವನ್ನು. ಡಬ್ಬಿಯ ಹೆಸರು ಆಪ್ಟಿಕಲ್ ಸ್ಕ್ವೇರ್.

ನಮ್ಮ ಹೊಲಗಳು ಚೌಕವಾಗಿರುವುದು ಅಪರೂಪ. ಹಳ್ಳ ಹರಿದತ್ತ, ಅಣ್ಣತಮ್ಮಂದಿರು ಭಾಗವಾದತ್ತ ಬದು ಬಾಗುತ್ತದೆ. ಅಂಥ ವಕ್ರಾಕೃತಿಯನ್ನು ಅಳೆಯಲು ನಡುವೆ ಒಂದು ಆಧಾರರೇಖೆಯನ್ನು ಹಿಡಿದು, ಪ್ರತಿಯೊಂದು ಬಾಂದುಕಲ್ಲಿನಿಂದಲೂ ಅದಕ್ಕೆ ಲಂಬವನ್ನಿಳಿಸಿದರೆ, ಭೂಮಿಯೆಲ್ಲವೂ ಲಂಬಕೋನವುಳ್ಳ ತ್ರಿಕೋನಗಳಾಗಿಯೂ ತ್ರಾಪಿಜ್ಯಗಳಾಗಿಯೂ ಒಡೆದು ಲೆಕ್ಕಕ್ಕೆ ದಕ್ಕುತ್ತದೆ. ಅದಕ್ಕಾಗಿ ಬಳಸುತ್ತಿದ್ದ ನಮ್ಮ ಕಡೆಯ ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಆಣೆ. ಸರಪಳಿಯುದ್ದದ ಚೌಕವೇ ಒಂದು ಗುಂಟೆ, ಅಂಥ 40 ಗುಂಟೆ ಕೂಡಿದರೆ ಎಕರೆ. ಆಣೆಯೆಂಬುದು ನಾಣ್ಯದಿಂದ ಮಾಯವಾದ ಮೇಲೂ ಹೊಲದ ಲೆಕ್ಕದಲ್ಲಿ ಉಳಿದುಕೊಂಡದ್ದು ಸ್ವಾರಸ್ಯಕರ.

ಡಬ್ಬಿಯೊಳಗಿರುವುದು 45 ಡಿಗ್ರಿ ಕೋನದಲ್ಲಿ ನಿಂತ ಎರಡು ಕನ್ನಡಿಗಳಷ್ಟೆ. ಕಣ್ಣಿಗೆದುರಾದ ಕನ್ನಡಿಯ ಅರ್ಧಕ್ಕೆ ಮಾತ್ರ ರಸಲೇಪವಿದ್ದು, ಉಳಿದರ್ಧದ ಮೂಲಕ ಸರಪಳಿಯ ಕೊನೆಯ ಕೋಲು ನೇರವಾಗಿ ಕಾಣುತ್ತದೆ. ಪಕ್ಕದ ಬಾಂದುಕಲ್ಲಿನ ಬಳಿ ನೆಟ್ಟ ಕೋಲಿನ ಬೆಳಕು ಎರಡು ಕನ್ನಡಿಗಳಲ್ಲಿಯೂ ಪ್ರತಿಫಲಿಸಿ, ಅವುಗಳ ನಡುವಣ ಕೋನದ ಇಮ್ಮಡಿಯಷ್ಟು, ಅಂದರೆ 90 ಡಿಗ್ರಿ, ತಿರುಗಿ ಕಣ್ಣನ್ನು ಸೇರುತ್ತದೆ. ಎರಡು ಕೋಲುಗಳೂ ಒಂದರ ಮೇಲೊಂದು ಕೂಡಿ ನಿಂತ ಕ್ಷಣದಲ್ಲಿ ಮೋಜಣಿದಾರನ ಕಾಲಡಿಯಲ್ಲಿರುವುದೇ ಲಂಬಪಾದ. ಹಿಡಿದ ಕೈ ಎಡಕ್ಕೋ ಬಲಕ್ಕೋ ಕೊಂಚ ತಿರುಗಿದರೂ ಮೊದಲನೆಯ ಕನ್ನಡಿ ಕೂಡಿಸಿದ್ದನ್ನು ಎರಡನೆಯದು ಕಳೆದುಬಿಡುವುದರಿಂದ ಲಂಬಕೋನಕ್ಕೆ ಭಂಗವಿಲ್ಲ. ಈ ಉಪಕರಣದ ಸೊಗಸೆಲ್ಲವೂ ಇದರಲ್ಲಿದೆಯೆಂದು ನನ್ನ ಅಭಿಪ್ರಾಯ.

ನಿರ್ದೇಶಾಂಕ ರೇಖಾಗಣಿತವು ಇದೇ ಬಿಂದುವನ್ನು ನಡೆದಾಡದೆಯೇ ಹಿಡಿಯುತ್ತದೆ. ಆಧಾರರೇಖೆಯು ಮೂಲಬಿಂದುವಿನಿಂದ ಹೊರಟು, ಪೂರ್ವಕ್ಕೆ 4 ಸರಪಳಿ ಸರಿದಾಗ ಉತ್ತರಕ್ಕೆ 3 ಸರಪಳಿ ಏರುವುದೆಂದಿಟ್ಟುಕೊಳ್ಳೋಣ. ಅದರ ಪ್ರವಣತೆ 3/4. ಈ ಚಿತ್ರವನ್ನು ಎಡಕ್ಕೆ ಕಾಲುಸುತ್ತು ತಿರುಗಿಸಿದರೆ ಪೂರ್ವದ 4 ಉತ್ತರದ 4 ಆಗುತ್ತದೆ, ಉತ್ತರದ 3 ಪಶ್ಚಿಮದ 3 ಆಗುತ್ತದೆ. ಪಶ್ಚಿಮವೆಂದರೆ ಋಣ, ಆದುದರಿಂದ ಲಂಬದ ಪ್ರವಣತೆ −4/3. ಗುಣಲಬ್ಧ −1 ಆಗಬೇಕೆಂದು ಶಾಲೆಯಲ್ಲಿ ಉರುಹೊಡೆಯುವ ನಿಯಮದ ಒಳಗುಟ್ಟು, ಸ್ಥಾನಪಲ್ಲಟವೂ ಒಂದು ಚಿಹ್ನೆಯ ವ್ಯತ್ಯಾಸವೂ ಅಷ್ಟೆ. ಪೂರ್ವದ ದೂರವನ್ನು ಕ್ಷ ಎಂದೂ ಉತ್ತರದ ದೂರವನ್ನು ಯ ಎಂದೂ ಕರೆದು, ಆಧಾರರೇಖೆಯ ಸಮೀಕರಣ 3ಕ್ಷ − 4ಯ = 0 ಆದರೆ, ಲಂಬದ್ದು 4ಕ್ಷ + 3ಯ = ಒಂದು ಸ್ಥಿರಾಂಕ. ಬಾಂದುಕಲ್ಲು ಪೂರ್ವಕ್ಕೆ 5, ಉತ್ತರಕ್ಕೆ 10 ಸರಪಳಿ ದೂರದಲ್ಲಿದ್ದರೆ, ಲಂಬವು ಅದರ ಮೂಲಕ ಹಾಯಲೇಬೇಕಾದುದರಿಂದ, ಆ ಸ್ಥಿರಾಂಕ 20 + 30, ಅಂದರೆ 50. ಎರಡು ಸಮೀಕರಣಗಳನ್ನೂ ಬಿಡಿಸಿದರೆ ಕ್ಷ = 8, ಯ = 6. ಮೋಜಣಿದಾರನು ಮೂಲದಿಂದ 10 ಸರಪಳಿ ನಡೆದು ನಿಲ್ಲಬೇಕಾದ ಜಾಗ ಅದೇ. ಅಲ್ಲಿಂದ ಕಲ್ಲಿಗೆ 5 ಸರಪಳಿ.

ಪ್ರವಣತೆಯ ಭಾಷೆ ನೆಟ್ಟಗೆ ಉತ್ತರಕ್ಕೆ ಹೋಗುವ ರೇಖೆಯ ಮುಂದೆ ಸೋಲುತ್ತದೆ, ಏಕೆಂದರೆ ಅಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಆದರೆ ಗುಣಕಗಳನ್ನು ಅದಲುಬದಲು ಮಾಡುವ ಎರಡನೆಯ ದಾರಿಗೆ ಆ ತೊಡಕಿಲ್ಲ. 1637ರಲ್ಲಿ ರೇಖಾಗಣಿತಕ್ಕೆ ಬೀಜಗಣಿತದ ನುಡಿ ಕೊಟ್ಟ ಫ್ರಾನ್ಸಿನ ದೆಕಾರ್ತನು, ವಕ್ರರೇಖೆಗೆ ಲಂಬವನ್ನೆಳೆಯುವ ಪ್ರಶ್ನೆಯನ್ನೇ ರೇಖಾಗಣಿತದಲ್ಲಿ ತಾನು ತಿಳಿಯಬಯಸಿದವುಗಳಲ್ಲೆಲ್ಲ ಅತ್ಯುಪಯುಕ್ತವಾದುದೆಂದು ಎಣಿಸಿದ್ದನು.

ಕನ್ನಡಿಗೆ ಕೋಲು ಕಾಣಬೇಕು. ಆಳೆತ್ತರದ ಕಬ್ಬು ಅಡ್ಡನಿಂತರೆ ಡಬ್ಬಿ ನಿಷ್ಪ್ರಯೋಜಕ. ಸಮೀಕರಣಕ್ಕೆ ಕಬ್ಬಿನ ಹಂಗಿಲ್ಲ, ಆದರೆ ಕಲ್ಲಿನ ನಿರ್ದೇಶಾಂಕಗಳನ್ನು ಯಾರಾದರೂ ಮೊದಲು ತಂದುಕೊಡಬೇಕು. ಈಗ ಅವನ್ನು ಉಪಗ್ರಹಗಳ ಸಂಕೇತದಿಂದ ಪಡೆಯುತ್ತಾರೆ, ಮತ್ತು 3 ಹಾಗೂ 4ರ ಆ ಸ್ಥಾನಪಲ್ಲಟವನ್ನು ಯಂತ್ರವೇ ಮಾಡಿಕೊಳ್ಳುತ್ತದೆ.